ಟೈಟಾನಿಕ್ ಕಿಟ್: 700 ಕೊಳ್ಳಬೇಕೋ, 400 ಕೊಳ್ಳಬೇಕೋ?

ಪಾರ್ಟುಗಳನ್ನು ಜೋಡಿಸಿ ಟೈಟಾನಿಕ್ ಹಡಗಿನ ಪುಟ್ಟ ಪ್ಲಾಸ್ಟಿಕ್ ಮಾದರಿ ಕಟ್ಟುವ ಕಿಟ್ ಕೊಳ್ಳುವವರ ಕಣ್ಣು ಮೊದಲು ಡಬ್ಬಿಯ ಮೇಲಿನ ಚಿತ್ರಕ್ಕೆ ಹೋಗುತ್ತದೆ. ಅಸಲಿ ವಿಷಯ ಇರುವುದು ಮೂಲೆಯಲ್ಲಿ ಅಚ್ಚಾದ ಅಳತೆಯಲ್ಲಿ: 1:700 ಎಂದರೆ ಮಾದರಿ ನಿಜವಾದ ಹಡಗಿನ 700ರಲ್ಲಿ ಒಂದು ಪಾಲು. ನಿಜವಾದ ಹಡಗು 269.1 ಮೀಟರ್ ಉದ್ದ. ರೆವೆಲ್ ಕಂಪನಿಯ 1:1200 ಕಿಟ್‌ನಲ್ಲಿ ಅದು 22 ಸೆಂ.ಮೀ.ಗೆ ಇಳಿಯುತ್ತದೆ. 1:700ರಲ್ಲಿ 38, ರೆವೆಲ್‌ನ ಹಳೆಯ 1:570ರಲ್ಲಿ 47, ಅಕಾಡೆಮಿಯ 1:400ರಲ್ಲಿ 67, ಮಿನಿಕ್ರಾಫ್ಟ್‌ನ 1:350ರಲ್ಲಿ 77 ಸೆಂ.ಮೀ. ಟ್ರಂಪೆಟರ್‌ನ 1:200 ಬರೋಬ್ಬರಿ 134 ಸೆಂ.ಮೀ.; ನಮ್ಮ ಮನೆಗಳ ಷೋಕೇಸಿನಲ್ಲಿ ಅದು ಹಿಡಿಸುವ ಮಾತೇ ಇಲ್ಲ. ಕಪಾಟಿನ ಅಳತೆ ತೆಗೆದುಕೊಂಡೇ ಆರ್ಡರ್ ಮಾಡಿ. ಸ್ಟ್ಯಾಂಡ್, ಗಾಜಿನ ಪೆಟ್ಟಿಗೆ ಸೇರಿ ಎರಡೂ ತುದಿಗೆ ನಾಲ್ಕೈದು ಸೆಂ.ಮೀ. ಹೆಚ್ಚು ಬೇಕಾಗುತ್ತದೆ. ಹೊರದೇಶದಿಂದ ತರಿಸುವುದಾದರೆ ಇನ್ನೊಂದು ಲೆಕ್ಕ: ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ, ಡಬ್ಬಿಯ ಗಾತ್ರಕ್ಕೂ ದುಡ್ಡು ಹಾಕುತ್ತಾರೆ.

ಮೊದಲ ಹಡಗು ಕಟ್ಟುವವರಿಗೆ ಅಕಾಡೆಮಿಯ 1:700 ಸಾಕು. ಪಾರ್ಟುಗಳು ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್‌ನಲ್ಲೇ ಅಚ್ಚಾಗಿ ಬರುವುದರಿಂದ ಬಣ್ಣ ಹಚ್ಚದೆಯೂ ನೋಡುವಂತಿರುತ್ತದೆ. ಎಲ್‌ಇಡಿ ಇರುವ ಡಬ್ಬಿಯೂ ಇದೆ, ಇಲ್ಲದ್ದೂ ಇದೆ. ಹತ್ತು ಹನ್ನೆರಡರ ಮಕ್ಕಳಿಗಾದರೆ ಅಂಟಿಲ್ಲದೆ ಒತ್ತಿ ಕೂರಿಸುವ ರೆವೆಲ್‌ನ 1:600 ಒಳ್ಳೆಯದು. 1:570ರ ಅಚ್ಚು 1970ರ ದಶಕದ್ದು; ಅಗ್ಗಕ್ಕೆ ಸಿಕ್ಕರೂ ಹಳೆಯ ಅಚ್ಚಿನ ಪಾರ್ಟುಗಳ ಅಂಚಿನ ಪೊರೆ ಹೆರೆಯುವ ಕೆಲಸ ಇದ್ದೇ ಇರುತ್ತದೆ.

700ರ ಕಷ್ಟವೆಲ್ಲ ಕಟಕಟೆಯಲ್ಲಿ. ಡೆಕ್ಕಿನ ಕಂಬಿಬೇಲಿ ನಿಜದಲ್ಲಿ ಸುಮಾರು 1.1 ಮೀಟರ್ ಎತ್ತರ, ಅಂದರೆ 700ರಲ್ಲಿ 1.6 ಮಿ.ಮೀ. ಪ್ಲಾಸ್ಟಿಕ್ ಕಂಬಿ ಅರ್ಧ ಮಿ.ಮೀ. ದಪ್ಪವಿದ್ದರೂ ಅದು ನಿಜವಾದ ಹಡಗಿನಲ್ಲಿ 35 ಸೆಂ.ಮೀ. ದಪ್ಪದ ತೊಲೆ! ಅದಕ್ಕೇ ಸಣ್ಣ ಕಿಟ್‌ಗಳಲ್ಲಿ ಕಟಕಟೆ ಒಂದೋ ಇರುವುದಿಲ್ಲ, ಇಲ್ಲವೇ ಗೋಡೆಯಂತೆ ಕಾಣುತ್ತದೆ. ಪರಿಹಾರ ಎಂದರೆ ಪ್ರತ್ಯೇಕವಾಗಿ ಸಿಗುವ ಹಿತ್ತಾಳೆಯ ಫೋಟೋ-ಎಚ್ ಹಾಳೆ, ಅಂದರೆ ರಾಸಾಯನಿಕದಿಂದ ಕೊರೆದು ಮಾಡಿದ ತೆಳು ಕಂಬಿಗಳ ಹಾಳೆ. ಅದು 400ರಲ್ಲಿ ಕೈಗೆ ಒಗ್ಗುತ್ತದೆ, 700ರಲ್ಲಿ ಕಣ್ಣು ಹಿಂಡುತ್ತದೆ. ಗಾಜಿನ ಮೇಲೋ ಟೈಲ್ಸ್ ಮೇಲೋ ಇಟ್ಟು ಬ್ಲೇಡಿನಿಂದ ಒತ್ತಿ ಕತ್ತರಿಸಿ. ಮೆತ್ತನೆಯ ಮ್ಯಾಟ್ ಮೇಲೆ ಕತ್ತರಿಸಿದರೆ ಬಾಗುತ್ತದೆ. ಪ್ಲಾಸ್ಟಿಕ್ ಸಿಮೆಂಟ್ (ಪ್ಲಾಸ್ಟಿಕ್ ಪಾರ್ಟುಗಳ ಅಂಟು) ಹಿತ್ತಾಳೆಗೆ ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು. ಅದನ್ನೂ ಪಿನ್ನಿನ ತುದಿಯಲ್ಲಿ ಎರಡು ಇಂಚಿಗೊಂದು ಚುಕ್ಕೆ ಇಟ್ಟು ನಿಲ್ಲಿಸಿ, ನೇರ ಬಂದಮೇಲೆ ಉಳಿದದ್ದನ್ನು ಅಂಟಿಸಿ. ಗ್ಲೂ ಹೆಚ್ಚಾದರೆ ಅದರ ಹೊಗೆ ಹತ್ತಿರದ ಬಣ್ಣದ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಬಣ್ಣ ಹಚ್ಚುವ, ಹಿತ್ತಾಳೆ ಕೂರಿಸುವ ಹುಮ್ಮಸ್ಸು ಇದ್ದವರು ನೇರ 400ಕ್ಕೇ ಹೋಗಲಿ ಎನ್ನುವುದು ಇದೇ ಕಾರಣಕ್ಕೆ. 350 ಇನ್ನೂ 10 ಸೆಂ.ಮೀ. ಉದ್ದ, ಆದರೆ ಅದೂ 1970ರ ದಶಕದ ಅಚ್ಚೇ.

ಯಾವ ಕಿಟ್ ಆದರೂ ಡಬ್ಬಿ ತೆರೆದ ದಿನವೇ ಲೈಫ್‌ಬೋಟ್ ಎಣಿಸಿ. ಒಟ್ಟು 20: ಡೇವಿಟ್‌ಗಳ (ದೋಣಿ ಇಳಿಸುವ ತೋಳುಗಳ) ಕೆಳಗೆ 16, ಮಡಚುವಂಥವು 4. ಆಮೇಲೆ ಲೈಫ್‌ಬೋಟ್‌ಗಳ ಡೆಕ್ಕಿನ ಕೆಳಗಿನ ಎ ಡೆಕ್ ನೋಡಿ. ಟೈಟಾನಿಕ್‌ನ ಎ ಡೆಕ್ ಓಡಾಟದ ಜಾಗದ ಮುಂಭಾಗದ ಅರ್ಧಕ್ಕೆ ಕಿಟಕಿ ಗೋಡೆ ಇತ್ತು, ಅದೇ ವಿನ್ಯಾಸದ ಅಣ್ಣ ಹಡಗು ಒಲಿಂಪಿಕ್‌ನಲ್ಲಿ ಪೂರ್ತಿ ತೆರೆದಿತ್ತು. ಗೋಡೆ ಇಲ್ಲದಿದ್ದರೆ ನೀವು ಕಟ್ಟುತ್ತಿರುವುದು ಒಲಿಂಪಿಕ್. ನಡುವಿನ ಪ್ರೊಪೆಲ್ಲರಿಗೆ ಮೂರು ರೆಕ್ಕೆಯೋ ನಾಲ್ಕೋ ಎಂಬ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಟೈಟಾನಿಕ್‌ನದೆಂದು ಎಲ್ಲರೂ ತೋರಿಸುವ ಪ್ರೊಪೆಲ್ಲರ್ ಫೋಟೋ ಒಲಿಂಪಿಕ್‌ನದು. ಹಡಗು ಕಟ್ಟಿದ ಬೆಲ್‌ಫಾಸ್ಟ್‌ನ ಹಾರ್ಲಂಡ್ ಅಂಡ್ ವುಲ್ಫ್ ಕಾರ್ಖಾನೆಯ ದಾಖಲೆ ಪುಸ್ತಕ ಮೂರು ರೆಕ್ಕೆ ಎನ್ನುತ್ತದೆ, ಹಳೆಯ ಕಿಟ್‌ಗಳು ನಾಲ್ಕು ಕೊಡುತ್ತವೆ.

ಬಣ್ಣದ ಕೆಲಸದಲ್ಲಿ ಹಲ್ (ಹಡಗಿನ ಹೊರಮೈ) ಕಪ್ಪಿಗೆ ಅಪ್ಪಟ ಕಪ್ಪು ಬೇಡ, ಆಟಿಕೆಯಂತೆ ಕಾಣುತ್ತದೆ. ಟಮಿಯಾ ಕಂಪನಿಯ ಎಕ್ಸ್‌ಎಫ್-85 ರಬ್ಬರ್ ಬ್ಲ್ಯಾಕ್ ಬಣ್ಣ ಸರಿಹೊಂದುತ್ತದೆ, ಕೆಳಗಿನ ಕೆಂಪಿಗೆ ಎಕ್ಸ್‌ಎಫ್-9 ಹಲ್ ರೆಡ್. ಹಡಗು ನೀರಿನಲ್ಲಿ 34 ಅಡಿ 7 ಇಂಚು ಮುಳುಗುತ್ತಿತ್ತು. ಕೀಲ್‌ನಿಂದ (ಹಡಗಿನ ತಳದಿಂದ) ಆ ಎತ್ತರ 400ರಲ್ಲಿ 26 ಮಿ.ಮೀ., 700ರಲ್ಲಿ 15. ಅಷ್ಟೆತ್ತರದ ಮರದ ತುಂಡಿನ ಮೇಲೆ ಪೆನ್ಸಿಲ್ ಕಟ್ಟಿ, ಸಮತಟ್ಟಾದ ಮೇಜಿನ ಮೇಲೆ ಹಲ್‌ನ ಸುತ್ತ ಜಾರಿಸಿದರೆ ಗೆರೆ ಮೂಡುತ್ತದೆ. ಬರಿಗಣ್ಣಲ್ಲಿ ಟೇಪ್ ಹಚ್ಚಿದರೆ ತುದಿಗಳಲ್ಲಿ ಖಂಡಿತ ಮೇಲೇಳುತ್ತದೆ. ಮಂಗಳೂರು, ಮಲೆನಾಡಿನ ಕಡೆಯವರು ಜೋರು ಮಳೆಯ ದಿನ ಲ್ಯಾಕರ್ ಸ್ಪ್ರೇ ಮಾಡಬೇಡಿ. ತೇವಕ್ಕೆ ಕಪ್ಪಿನ ಮೇಲೆ ಬೂದು ಬಿಳುಪು ಹಿಡಿಯುತ್ತದೆ.

ತುಕ್ಕಿನ ಕಲೆ ಬಳಿಯುವ ಚಪಲ ಇದ್ದವರು ಕೈ ಕಟ್ಟಿಕೊಳ್ಳಿ. 1912ರ ಏಪ್ರಿಲ್ 10ರಂದು ಸೌತಾಂಪ್ಟನ್ ಬಿಟ್ಟ ಹಡಗು 15ರ ನಸುಕಿಗೆ ಮುಳುಗಿತು. ತುಕ್ಕು ಹಿಡಿಯುವಷ್ಟು ಆಯುಷ್ಯ ಅದಕ್ಕೆಲ್ಲಿತ್ತು? ಕೊನೆಯ ಹೊಗೆಕೊಳವೆಗೆ ಮಸಿ ಬಳಿಯುವುದೂ ತಪ್ಪು. ಬಾಯ್ಲರಿನ ಹೊಗೆ ಮೊದಲ ಮೂರರಲ್ಲೇ ಹೋಗುತ್ತಿತ್ತು, ನಾಲ್ಕನೆಯದು ಹೆಚ್ಚಾಗಿ ಗಾಳಿಯಾಡಲು ಇದ್ದದ್ದು. ಕೊಳವೆಗಳು ಹಿಂದಕ್ಕೆ ಅಡಿಗೆ 2 ಇಂಚಿನಷ್ಟು ವಾಲಿವೆ. ನಾಲ್ಕನ್ನೂ ಅಂಟಿಲ್ಲದೆ ನಿಲ್ಲಿಸಿ, ಪಕ್ಕದಿಂದ ವಾಲಿಕೆ, ಮೂತಿಯ ಕಡೆಯಿಂದ ಸಾಲು ನೋಡಿ, ಆಮೇಲೆ ಅಂಟಿಸಿ. ಒಂದು ಸೊಟ್ಟಗಾದರೂ ಇಡೀ ಹಡಗು ಕೆಟ್ಟು ಕಾಣುತ್ತದೆ.

ಎಲ್‌ಇಡಿ ಕಿಟ್ ತಂದವರು ಮಾಡುವ ದೊಡ್ಡ ತಪ್ಪು ಒಳಗೋಡೆಗೆ ಬಣ್ಣ ಹಚ್ಚದಿರುವುದು. ತೆಳು ಬಿಳಿ ಪ್ಲಾಸ್ಟಿಕ್ ಬೆಳಕನ್ನು ತಡೆಯದು. ದೀಪ ಹಾಕಿದರೆ ಕಿಟಕಿಗಳ ಬದಲು ಡೆಕ್ಕಿಗೆ ಡೆಕ್ಕೇ ಕಾಗದದ ಲಾಟೀನಿನಂತೆ ಹೊಳೆಯುತ್ತದೆ. ಒಳಗೆ ಮೊದಲು ಎರಡು ಕೋಟ್ ಕಪ್ಪು, ಅದರ ಮೇಲೆ ಬೆಳಕು ಹರಡಲು ಒಂದು ಕೋಟ್ ಬಿಳಿ ಕೊಡಿ. ಡೆಕ್ ಮುಚ್ಚುವ ಮುನ್ನ ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಹಿಡಿದು ನೋಡಿ, ಬೆಳಕು ಸೋರುವ ಸಂದುಗಳಿಗೆ ಪುಟ್ಟಿ ತುಂಬಿ. ವೈರು, ಸ್ವಿಚ್ಚು ಕೆಲಸ ಮಾಡುತ್ತವೆಯೇ ಎಂದು ಅದೇ ಹೊತ್ತಿಗೆ ನೋಡಿಬಿಡಿ; ಡೆಕ್ ಅಂಟಿದ ಮೇಲೆ ಒಳಗೆ ಕೈ ಹೋಗುವುದಿಲ್ಲ.