ಸಾಕೆಟ್ ಒಂದೇ ಇದ್ದರೂ ಕಂಪ್ಯೂಟರ್ ಆನ್ ಆಗದೆ ಇರಬಹುದು: ಬೋರ್ಡ್ ಕೊಳ್ಳುವ ಮೊದಲು ಓದಿ

ಮಂಗಳೂರು, ಉಡುಪಿ ಕಡೆಯ ಅಂಗಡಿಗಳಲ್ಲಿ ಬಿಡಿಭಾಗ ತಗೊಂಡು ಕಂಪ್ಯೂಟರ್ ಜೋಡಿಸಲು ಹೊರಟಿದ್ದೀರಾ? "ಸಾಕೆಟ್ ಒಂದೇ ಅಲ್ವಾ, ಎಂತ ಆಗುದಿಲ್ಲ" ಅಂತ ಯಾರಾದರೂ ಹೇಳಿದರೆ ದುಡ್ಡು ತೆಗೆಯಬೇಡಿ. ಬೋರ್ಡ್ ಅಂದರೆ ಮದರ್‌ಬೋರ್ಡ್, ಸಾಕೆಟ್ ಅಂದರೆ ಅದರ ಮೇಲೆ ಪ್ರೊಸೆಸರ್ ಕೂರುವ ಜಾಗ.

ಅಕ್ಕನ ಮಗ ಮಣಿಪಾಲದಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾನೆ. ಅವನಿಗಾಗಿ ಎಎಮ್‌ಡಿ ಕಂಪನಿಯ ರೈಜೆನ್ 5 5600 ಪ್ರೊಸೆಸರನ್ನು ಆನ್‌ಲೈನಲ್ಲಿ ತರಿಸಿದೆವು. ಬೋರ್ಡನ್ನು ಮಾತ್ರ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ತಗೊಂಡೆವು. ಏನಾದರೂ ಆದರೆ ಕೈಗೆ ಸಿಗುತ್ತಾರೆ ಅಂತ. ಪ್ರೊಸೆಸರ್ ಹೆಸರು ಹೇಳಿಯೇ ಕೇಳಿದ್ದೆವು. ಒಳಗಿನಿಂದ ಬಿ450 ಅನ್ನುವ ಮಾದರಿಯ ಒಂದು ಬೋರ್ಡ್ ತಂದುಕೊಟ್ಟರು. ಹಳೇ ಸ್ಟಾಕು, ರೇಟಲ್ಲಿ ಸ್ವಲ್ಪ ಬಿಟ್ಟರು ಕೂಡ.

ಜೋಡಿಸಿ ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಈ ಬೋರ್ಡಿನ ಮೂಲೆಯಲ್ಲಿ ತೊಂದರೆ ಎಲ್ಲಿ ಅಂತ ತೋರಿಸುವ ನಾಲ್ಕು ಪುಟ್ಟ ದೀಪ ಇವೆ: ಸಿಪಿಯು (ಅಂದರೆ ಪ್ರೊಸೆಸರ್), ಡಿರಾಮ್ (ರಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕ್). ಅದರಲ್ಲಿ ಸಿಪಿಯು ದೀಪ ಕೆಂಪಾಗಿ ಹೊತ್ತಿಕೊಂಡು ಅಲ್ಲೇ ನಿಂತಿತು. ರಾಮ್ ತೆಗೆದು ರಬ್ಬರಲ್ಲಿ ಉಜ್ಜಿ ಹಾಕಿದ್ದಾಯಿತು, ಕೇಬಲ್ ಬದಲಿಸಿದ್ದಾಯಿತು. ಕೆಂಪು ಕೆಂಪೇ.

ವಿಷಯ ಇಷ್ಟೇ. ಈ ರೈಜೆನ್ ಕೂರುವ ಎಎಮ್4 ಸಾಕೆಟ್ ಎಎಮ್‌ಡಿಯವರು ವರ್ಷಗಟ್ಟಲೆ ಬದಲಿಸದೆ ಇಟ್ಟುಕೊಂಡದ್ದು. ಬಿ450 ಬಂದದ್ದು 2018ರಲ್ಲಿ. ರೈಜೆನ್ 5000 ಸಾಲು ಬಂದದ್ದು 2020ರ ಕೊನೆಗೆ. ಅದಕ್ಕೂ ಮೊದಲು ಫ್ಯಾಕ್ಟರಿಯಿಂದ ಹೊರಬಿದ್ದ ಬೋರ್ಡಿನ ಬಯೋಸ್‌ಗೆ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಈ ಪ್ರೊಸೆಸರಿನ ಗುರುತೇ ಇಲ್ಲ. ಬಯೋಸ್ ಅಪ್‌ಡೇಟ್ ಮಾಡಿದರೆ ಓಡುತ್ತದೆ. ಆದರೆ ಅಪ್‌ಡೇಟ್ ಮಾಡಬೇಕಾದರೆ ಬೋರ್ಡ್ ಮೊದಲು ಆನ್ ಆಗಬೇಕಲ್ಲ ಮಾರಾಯ್ರೇ! ಕೆಲವು ಬೋರ್ಡುಗಳಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇರುತ್ತದೆ, ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ ಹಾಕಬಹುದು. ನಮಗೆ ಕೊಟ್ಟದ್ದರಲ್ಲಿ ಅದಿರಲಿಲ್ಲ.

ಅಂಗಡಿಗೆ ಹೋದರೆ ಮೊದಲ ಮಾತು, "ಪ್ರೊಸೆಸರ್ ನಮ್ಮದಲ್ಲ ಸಾರ್." ಆಮೇಲೆ ಅದನ್ನು ತಿರುಗಿಸಿ ನೋಡಿ, "ಪಿನ್ ಬೆಂಡ್ ಆದ ಹಾಗೆ ಕಾಣ್ತದೆ" ಅಂದರು. ಎಎಮ್4 ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ ಇವೆ, ಕೂದಲಿನಷ್ಟು ಸಪೂರ. ಹುಡುಗ ಕೂರಿಸುವ ಮೊದಲೇ ಫೋಟೋ ತೆಗೆದಿಟ್ಟಿದ್ದ, ಅದನ್ನು ತೋರಿಸಿದ ಮೇಲೆ ಆ ಮಾತು ನಿಂತಿತು. ನೀವೂ ತೆಗೆದಿಟ್ಟುಕೊಳ್ಳಿ. ಕೊನೆಗೆ ಹೇಳಿದ್ದು, ಬಾಕ್ಸ್ ಓಪನ್ ಆಗಿದೆ, ವಾಪಸ್ ಇಲ್ಲ, ಬೇಕಾದರೆ ಚಾರ್ಜ್ ಕೊಟ್ಟರೆ ಬಯೋಸ್ ಹಾಕಿಕೊಡುತ್ತೇವೆ. ಹೊಂದುತ್ತದೆ ಅಂತ ಮಾರಿದ್ದೂ ಅವರೇ, ಹೊಂದಿಸಲು ದುಡ್ಡು ಕೇಳಿದ್ದೂ ಅವರೇ.

ಉಡುಪಿಯಲ್ಲಿ ರಿಪೇರಿ ಮಾಡುವ ಪರಿಚಯದವರೊಬ್ಬರು ತಮ್ಮ ಹಳೇ ರೈಜೆನ್ 3 2200ಜಿ ಹಾಕಿ ಬಯೋಸ್ ಅಪ್‌ಡೇಟ್ ಮಾಡಿಕೊಟ್ಟರು. ಹೊರಗೆ ಜೋರು ಮಳೆ. ಯುಪಿಎಸ್‌ಗೆ ಸಿಕ್ಕಿಸದೆ ಅವರು ಕೈ ಹಾಕಲೇ ಇಲ್ಲ. ನಡುವೆ ಕರೆಂಟು ಹೋದರೆ ಬೋರ್ಡ್ ಸತ್ತೇಹೋಗಬಹುದು. ಮಳೆಗಾಲದಲ್ಲಿ ನಮ್ಮೂರಿನ ಕರೆಂಟಿನ ಕತೆ ಗೊತ್ತಲ್ಲ.

ಹಾಗಾಗಿ ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಂತು ಮೊಬೈಲ್ ತೆಗೆಯಿರಿ. ಬೋರ್ಡ್ ತಯಾರಿಸಿದ ಕಂಪನಿಯ ಸೈಟಿನಲ್ಲಿ ಪ್ರತಿ ಮಾಡೆಲ್‌ಗೂ ಸಿಪಿಯು ಸಪೋರ್ಟ್ ಪಟ್ಟಿ ಇರುತ್ತದೆ. ಹೆಸರು ಮಾತ್ರ ನೋಡಿದರೆ ಸಾಲದು, ರಿವಿಷನ್ ನಂಬರೂ (ಅದೇ ಮಾಡೆಲಿನ ಎಷ್ಟನೇ ಆವೃತ್ತಿ ಅನ್ನುವುದು) ಸರಿಹೊಂದಬೇಕು. ನಿಮ್ಮ ಪ್ರೊಸೆಸರಿನ ಎದುರು ಯಾವ ಬಯೋಸ್ ವರ್ಷನ್‌ನಿಂದ ಓಡುತ್ತದೆ ಅಂತ ಬರೆದಿರುತ್ತಾರೆ. ಕೈಯಲ್ಲಿರುವ ಬೋರ್ಡಿನಲ್ಲಿ ಯಾವುದಿದೆ ಅಂತ ಅಂಗಡಿಯವರನ್ನೇ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಅಲ್ಲೇ ಆನ್ ಮಾಡಿ ತೋರಿಸಲಿ.

ಇಂಟೆಲ್ ತಗೊಂಡರೆ ಈ ತಲೆನೋವಿಲ್ಲ ಅಂದುಕೊಳ್ಳಬೇಡಿ. ಅವರ ಎಲ್‌ಜಿಎ1151 ಸಾಕೆಟಿನಲ್ಲಿ 6-7ನೇ ಜನರೇಷನ್ನಿನ ಬೋರ್ಡಿಗೆ 8-9ನೇ ಜನರೇಷನ್ ಪ್ರೊಸೆಸರ್ ಕೂರುತ್ತದೆ, ಓಡುವುದಿಲ್ಲ. ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಎಲ್‌ಜಿಎ1700 ಸಾಕೆಟಿನ ಬಿ660 ಬೋರ್ಡಿಗೆ 13, 14ನೇ ಜನರೇಷನ್ ಹಾಕಲೂ ಹೊಸ ಬಯೋಸ್ ಬೇಕು. ಬಿ660ರಲ್ಲೇ ಡಿಡಿಆರ್4 ರಾಮಿಗೆ ಬೇರೆ, ಡಿಡಿಆರ್5 ರಾಮಿಗೆ ಬೇರೆ ಬೋರ್ಡ್ ಇವೆ. ಒಂದರ ರಾಮ್ ಇನ್ನೊಂದಕ್ಕೆ ಹೋಗುವುದಿಲ್ಲ.

ಬಿಲ್ಲಿನಲ್ಲಿ ಬೋರ್ಡಿನ ಹೆಸರಿನ ಜೊತೆ "ಇಂಥ ಪ್ರೊಸೆಸರ್‌ಗೆ" ಅಂತ ಪೆನ್ನಲ್ಲಾದರೂ ಬರೆಸಿಕೊಳ್ಳಿ. ತಕರಾರು ಬಂದಾಗ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಆ ಬಿಲ್ಲು ಕೆಲಸಕ್ಕೆ ಬರುತ್ತದೆ. ಬರೆದುಕೊಡಲು ಒಪ್ಪದ ಅಂಗಡಿಯಿಂದ ಬೋರ್ಡ್ ತಗೊಳ್ಳಲೇಬೇಡಿ.