ಪೊಲೀಸ್ ಜೊತೆ ನರ್ಸ್ ಬರುವ ಸೇವೆ: ಐದಕ್ಕೆ ಮೂರೂವರೆ ಅಂಕ

ಮನೆಯಲ್ಲಿ ಯಾರಿಗಾದರೂ ಮನಸ್ಸು ಹತೋಟಿ ತಪ್ಪಿದಾಗ ಪೊಲೀಸರ ಜೊತೆ ಮಾನಸಿಕ ಆರೋಗ್ಯದ ನರ್ಸ್ ಅಥವಾ ಕೌನ್ಸೆಲರ್ ಕೂಡ ಬರುತ್ತಾರಲ್ಲ, ಆ ಸೇವೆ ಬಗ್ಗೆ ಬರೀತಿದ್ದೇನೆ. ನಮ್ಮ ಅಣ್ಣನಿಗೆ ಬೈಪೋಲಾರ್ ಇದೆ, ಅಂದರೆ ಮನಸ್ಸು ಒಮ್ಮೆ ವಿಪರೀತ ಹುರುಪಿಗೆ, ಒಮ್ಮೆ ಖಿನ್ನತೆಗೆ ಹೋಗುವ ಕಾಯಿಲೆ. ಬರೀ ಪೊಲೀಸರು ಬಂದದ್ದನ್ನೂ ನೋಡಿದ್ದೇವೆ, ಜೋಡಿ ಬಂದದ್ದನ್ನೂ ನೋಡಿದ್ದೇವೆ. ಅಜಗಜಾಂತರ.

ಜೋಡಿ ಬಂದಾಗ ಪೊಲೀಸ್ ಬಾಗಿಲ ಹತ್ತಿರವೇ ನಿಂತರು. ನರ್ಸ್ ಒಳಗೆ ಬಂದು ನೆಲದ ಮೇಲೇ ಕೂತು, "ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಅಂತ ಕೇಳಿದರು. ಅಷ್ಟೇ. ಅಣ್ಣನ ಹಳೇ ಚಿಕಿತ್ಸೆಯ ದಾಖಲೆ ಅವರ ಕೈಯಲ್ಲೇ ಇತ್ತು, ಯಾವ ಮಾತ್ರೆ ನಿಂತಿದೆ ಅಂತ ಅವರಿಗೆ ತಕ್ಷಣ ಗೊತ್ತಾಯಿತು. ಪೊಲೀಸರಿಗೆ ಇದು ಹೇಗೆ ಗೊತ್ತಾಗಬೇಕು? ಕೈಕೋಳ ಹೊರಗೆ ಬರಲೇ ಇಲ್ಲ.

ಇದೇನು ಹೊಸ ಪ್ರಯೋಗ ಅಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ ಕಾರ್ 87 ಅನ್ನೋ ಹೆಸರಲ್ಲಿ 1978ರಿಂದಲೇ ಪೊಲೀಸ್ ಮತ್ತು ನರ್ಸ್ ಒಂದೇ ಗಾಡಿಯಲ್ಲಿ ಹೋಗುತ್ತಾರೆ. ಅಮೆರಿಕದ ಮೆಂಫಿಸ್‌ನಲ್ಲಿ 1988ರಲ್ಲಿ ಬೇರೆ ದಾರಿ ಹಿಡಿದರು. ಪೊಲೀಸರಿಗೇ 40 ಗಂಟೆ ತರಬೇತಿ ಕೊಟ್ಟು ಕಳಿಸುವುದು. ತರಬೇತಿ ಒಳ್ಳೇದೇ, ಆದರೆ ಯೂನಿಫಾರ್ಮ್ ನೋಡಿಯೇ ಹೆದರುವವನಿಗೆ ಅದರಿಂದ ಎಷ್ಟು ಉಪಯೋಗ? ಅಮೆರಿಕದ್ದೇ ಇನ್ನೊಂದು ಊರು ಡೆನ್ವರ್ 2020ರಲ್ಲಿ ಇನ್ನೂ ಮುಂದೆ ಹೋಗಿ ಪೊಲೀಸರನ್ನೇ ಬಿಟ್ಟಿತು: ಒಬ್ಬ ಕೌನ್ಸೆಲರ್, ಒಬ್ಬ ಪ್ಯಾರಾಮೆಡಿಕ್ (ತುರ್ತು ಚಿಕಿತ್ಸೆ ಕೊಡುವವರು), ಒಂದು ವ್ಯಾನ್. ಆ ವ್ಯಾನ್ ಓಡಾಡಿದ ಕಡೆ ಸಣ್ಣಪುಟ್ಟ ಅಪರಾಧದ ದೂರುಗಳು 34% ಕಡಿಮೆಯಾದವು ಅಂತ 2022ರ ಒಂದು ಅಧ್ಯಯನ ಹೇಳಿತು. ನನಗೆ ಕೇಳಿದರೆ, ಕೈಯಲ್ಲಿ ಚಾಕು ಇಲ್ಲದಿದ್ದರೆ ಡೆನ್ವರ್ ದಾರಿಯೇ ಸರಿ. ಚಾಕು ಇದ್ದರೆ ಮಾತ್ರ ಜೋಡಿಯೇ ಬೇಕು, ನರ್ಸ್ ಜೀವವೂ ಜೀವವೇ ಅಲ್ವಾ.

ಈಗ ಅಂಕ ಯಾಕೆ ಕತ್ತರಿಸಿದೆ ಅಂತ ಹೇಳ್ತೀನಿ. ರಾತ್ರಿ ಆ ನರ್ಸ್ ಡ್ಯೂಟಿಯಲ್ಲಿ ಇರುವುದಿಲ್ಲ. ಅಣ್ಣ ಕೆರಳುವುದೇ ನಿದ್ದೆ ಬಾರದ ರಾತ್ರಿಗಳಲ್ಲಿ! ಇನ್ನೊಂದು, ಫೋನ್ ಎತ್ತುವವರು ಏನು ಬರೆದುಕೊಳ್ಳುತ್ತಾರೋ ಅದರ ಮೇಲೆ ಎಲ್ಲ ನಿಂತಿದೆ. "ಗಲಾಟೆ" ಅಂದರೆ ಮಾಮೂಲಿ ಗಸ್ತು ಗಾಡಿ ಬರುತ್ತದೆ, ಸೈರನ್ ಸಮೇತ. ಹಾಗಾಗಿ ಫೋನ್ ಮಾಡಿದ ಕೂಡಲೇ ಕಾಯಿಲೆ ಹೆಸರು, ಮಾತ್ರೆ ಹೆಸರು, ಆಯುಧ ಇದೆಯೋ ಇಲ್ಲವೋ, ಸೈರನ್ ಬೇಡ, ಇಷ್ಟನ್ನೂ ಹೇಳಿಬಿಡಿ. ಆಸ್ಪತ್ರೆಗೆ ಹೋದ ಮೇಲೆ ಹಾಸಿಗೆ ಸಿಗದೆ ಕಾದದ್ದಂತೂ ಬೇರೆಯೇ ಕಥೆ, ಪಾಪ, ಅದು ಈ ನರ್ಸ್ ತಪ್ಪಲ್ಲ.

ದುಡ್ಡಿನ ಭಯವೂ ಇದೆ. ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್‌ನಲ್ಲಿ 1989ರಲ್ಲಿ ಶುರುವಾದ, ಪೊಲೀಸರಿಲ್ಲದೆ ಇಂಥ ಕರೆಗಳಿಗೆ ಹೋಗುತ್ತಿದ್ದ ಕಹೂಟ್ಸ್ ತಂಡವನ್ನು ಎಲ್ಲರೂ ಮಾದರಿ ಅಂತಿದ್ದರು, 2025ರಲ್ಲಿ ಅದು ಅದೇ ಊರಲ್ಲಿ ಹಣವಿಲ್ಲದೆ ನಿಂತುಹೋಯಿತು.

ಮಾರನೇ ದಿನ ನರ್ಸ್ ಫೋನ್ ಮಾಡಿ ಅಣ್ಣನ ಜೊತೆಯೇ ಮಾತಾಡಿದರು, ಅದಕ್ಕೇ ಅರ್ಧ ಅಂಕ ಜಾಸ್ತಿ ಕೊಟ್ಟಿದ್ದೇನೆ. ರಾತ್ರಿ ಪಾಳಿ ಶುರು ಮಾಡಿದ ದಿನ ನಾಲ್ಕೂವರೆ ಮಾಡ್ತೀನಿ.