ಜೊಲ್ಲು ಕೊಟ್ಟು ಸ್ಟ್ರೆಸ್ ಅಳೆಸ್ಕೊಂಡೆ, ನನ್ ಅಡ್ರಿನಲ್ ಗ್ರಂಥಿಗೆ ಸುಸ್ತಾಗಿದೆಯಂತೆ

ಮೊದ್ಲೇ ಹೇಳ್ಬಿಡ್ತೀನಿ, ಸ್ಟ್ರೆಸ್ ಮೆದುಳಿಗೆ ಏನ್ ಮಾಡುತ್ತೆ ಅನ್ನೋದರ ಮೇಲೇ ನಾನು ಪೋಸ್ಟ್‌ಡಾಕ್ (ಪಿಎಚ್‌ಡಿ ಆದ್ಮೇಲಿನ ಸಂಶೋಧನೆ) ಮಾಡ್ತಿರೋದು, ಇಲಿ ರಕ್ತದಲ್ಲಿ ಸ್ಟ್ರೆಸ್ ಹಾರ್ಮೋನ್ ಅಳೆಯೋದು ದಿನದ ಕೆಲ್ಸ, ಹಂಗಾಗಿ ಮನೇಲೇ ಕೂತು ಜೊಲ್ಲಲ್ಲಿ ಕಾರ್ಟಿಸಾಲ್ (ಕಿಡ್ನಿ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿ ಬಿಡೋ ಸ್ಟ್ರೆಸ್ ಹಾರ್ಮೋನ್) ಚೆಕ್ ಮಾಡ್ಕೊಳ್ಳೋ ಈ ಕಿಟ್ ನೋಡಿದಾಗ ತಡ್ಕೊಳ್ಳೋಕಾಗ್ಲಿಲ್ಲ, ಆರ್ಡರ್ ಮಾಡ್ಬಿಟ್ಟೆ. ಕಾಂಟ್ರಾಕ್ಟ್ ಮುಗಿಯೋಕ್ ಬಂದಿದೆ, ಪೇಪರ್ ರಿವ್ಯೂನಲ್ಲಿ ಸಿಕ್ಕಾಕೊಂಡಿದೆ, ನಿದ್ದೆ ನೆಟ್ಟಗಿಲ್ಲ, ಪ್ರಯೋಗಕ್ಕೆ ನನಗಿಂತ ಒಳ್ಳೆ ಪ್ರಾಣಿ ಬೇಕಾ? ಕಂಪನಿ ಹೆಸರು ಹೇಳಲ್ಲ.

ಡಬ್ಬದಲ್ಲಿ ನಾಲ್ಕು ಟ್ಯೂಬ್, ಸ್ಟ್ರಾ, ಸ್ಟಿಕ್ಕರ್, ವಾಪಸ್ ಕಳ್ಸೋಕೆ ಒಂದು ಕವರ್. ಎದ್ದ ತಕ್ಷಣ ಒಂದ್ಸಲ, ಅರ್ಧ ಗಂಟೆ ಬಿಟ್ಟು ಇನ್ನೊಂದ್ಸಲ, ಆಮೇಲೆ ಸಂಜೆ, ಮಲಗೋ ಮುಂಚೆ. ಐಡಿಯಾ ಚೆನ್ನಾಗೇ ಇದೆ, ಯಾಕಂದ್ರೆ ಎದ್ದು 30-45 ನಿಮಿಷದಲ್ಲಿ ಕಾರ್ಟಿಸಾಲ್ ಸರ್ರಂತ ಏರುತ್ತೆ, ಆಮೇಲೆ ದಿನವಿಡೀ ಇಳೀತಾ ಬಂದು ಮಧ್ಯರಾತ್ರಿ ಹೊತ್ತಿಗೆ ತಳ ಮುಟ್ಟುತ್ತೆ. (ನಮ್ಮ ಇಲಿಗಳದ್ದು ಉಲ್ಟಾ, ಅವು ರಾತ್ರಿ ಎದ್ದಿರೋ ಜೀವ, ಅದಕ್ಕೇ ಸಂಜೆ ಏರುತ್ತೆ, ಅವುಗಳ ಹಾರ್ಮೋನೂ ಬೇರೆ, ಕಾರ್ಟಿಕೋಸ್ಟೆರಾನ್.) ಆದ್ರೆ ಎದ್ದಿದ್ದು ಎಷ್ಟೊತ್ತಿಗೆ ಅಂತ ಬರೆಯೋಕೆ ಫಾರ್ಮಲ್ಲಿ ಜಾಗಾನೇ ಇಲ್ಲ ಮಾರಾಯ್ರೆ! ನಾನು ಅಲಾರಾಂ ಆಫ್ ಮಾಡಿ ಇಪ್ಪತ್ತು ನಿಮಿಷ ಫೋನ್ ನೋಡ್ತಾ ಬಿದ್ಕೊಂಡು ಆಮೇಲೆ ಮೊದಲನೇ ಟ್ಯೂಬ್ ತುಂಬಿಸಿದೆ, ಅಷ್ಟೊತ್ತಿಗೆ ಏರೋದೆಲ್ಲ ಮುಕ್ಕಾಲು ಏರಾಗಿರುತ್ತೆ. ಹಲ್ಲುಜ್ಜಿದ ಮೇಲೆ ಒಸಡಿಂದ ರಕ್ತ ಬಂದು ಜೊಲ್ಲಿಗೆ ಸೇರಿದ್ರೆ ನಂಬರ್ ಕೆಡುತ್ತೆ ಅಂತಾನೂ ಎಲ್ಲೂ ಬರೆದಿಲ್ಲ.

ರಿಪೋರ್ಟ್ ಹೇಳಿದ ಟೈಮಿಗೆ ಬಂತು. ನಂಬರ್‌ಗಳ ಬಗ್ಗೆ ನನ್ನ ತಕರಾರಿಲ್ಲ, ರಾತ್ರೀದು ಕಮ್ಮಿ ಇತ್ತು, ಬೆಳಗಿನ ಏರಿಕೆ ಚಪ್ಪಟೆ ಇತ್ತು, ಅದು ನಾನು ಬಿದ್ಕೊಂಡಿದ್ದರ ಫಲ. ಅದರ ಕೆಳಗೆ ದೊಡ್ಡ ಕೆಂಪಕ್ಷರದಲ್ಲಿ "ಅಡ್ರಿನಲ್ ಫಟೀಗ್" ಅಂತ ಬರೆದು ಪಕ್ಕದಲ್ಲೇ ಅವರದ್ದೇ ಮಾತ್ರೆ ಕೊಳ್ಳೋ ಲಿಂಕ್! ಹಾರ್ಮೋನ್ ಡಾಕ್ಟರ್‌ಗಳು ಒಪ್ಪೋ ಅಂಥ ಕಾಯಿಲೇನೇ ಇಲ್ಲ ಕಣ್ರಿ. ಆ ಗ್ರಂಥಿ ನಿಜವಾಗ್ಲೂ ಕೈ ಕೊಟ್ರೆ ಅದಕ್ಕೆ ಅಡಿಸನ್ಸ್ ಡಿಸೀಸ್ ಅಂತಾರೆ, ಅದು ಆಸ್ಪತ್ರೆ ವಿಷ್ಯ. ರಾತ್ರಿ ಜೊಲ್ಲು ಟೆಸ್ಟ್‌ಗೂ ಒಂದು ಅಸಲಿ ಉಪಯೋಗ ಇದೆ, ಕುಶಿಂಗ್ಸ್ ಸಿಂಡ್ರೋಮ್ (ಮೈಯಲ್ಲಿ ಕಾರ್ಟಿಸಾಲ್ ಅತಿಯಾಗೋ ಕಾಯಿಲೆ) ಅನುಮಾನ ಇದ್ರೆ ಡಾಕ್ಟರ್ ಬರೆದುಕೊಡ್ತಾರೆ.

"ನಿಮ್ಮ ಖಿನ್ನತೆಯ ರಿಸ್ಕ್" ಅಂತ ಇನ್ನೊಂದು ಮೀಟರ್ ಬೇರೆ. ಈ ಆಸೆ ಹಳೇದು. 1981ರಲ್ಲಿ ಮನೋವೈದ್ಯ ಬರ್ನಾರ್ಡ್ ಕ್ಯಾರಲ್ ಮತ್ತವರ ತಂಡ ರಾತ್ರಿ ಡೆಕ್ಸಾಮೆಥಾಸೋನ್ (ಸಾಮಾನ್ಯವಾಗಿ ಕಾರ್ಟಿಸಾಲ್ ತಗ್ಗಿಸೋ ಔಷಧಿ) ಕೊಟ್ಟು ಮಾರನೇ ದಿನ ಕಾರ್ಟಿಸಾಲ್ ತಗ್ಗಿದೆಯಾ ಅಂತ ನೋಡಿದ್ರೆ ತೀವ್ರ ಖಿನ್ನತೆ ಪತ್ತೆ ಹಚ್ಚಬಹುದು ಅಂದಿದ್ರು, ಎಲ್ರೂ ಕುಣಿದಾಡಿದ್ರು, ಆಮೇಲೆ ನೋಡಿದ್ರೆ ಖಿನ್ನತೆ ಇರೋ ಎಷ್ಟೋ ಜನರಲ್ಲಿ ಟೆಸ್ಟ್ ನಾರ್ಮಲ್, ಬೇರೆ ಕಾಯಿಲೆಯವರಲ್ಲಿ ಪಾಸಿಟಿವ್. ಪಿಟಿಎಸ್‌ಡಿ (ದೊಡ್ಡ ಆಘಾತ ಆದ್ಮೇಲೆ ಉಳಿಯೋ ಮಾನಸಿಕ ತೊಂದರೆ) ಇರೋರಲ್ಲಂತೂ ಎಷ್ಟೋ ಅಧ್ಯಯನಗಳಲ್ಲಿ ಕಾರ್ಟಿಸಾಲ್ ಕಮ್ಮೀನೇ ಸಿಕ್ಕಿದೆ. ಮೀಟರ್ ಮುಳ್ಳು ಯಾವ ಕಡೆ ತಿರುಗಿಸ್ತಾರೆ ಇವ್ರು?

ಅಸಲಿ ಕಥೆ ನಡೆಯೋದು ಮೆದುಳಿನ ಒಳಗೆ. 2002ರಲ್ಲಿ ನರವಿಜ್ಞಾನಿ ಸುಮಂತ್ರ ಚಟ್ಟರ್ಜಿ ಅವರ ತಂಡ ಇಲಿಗಳನ್ನ ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದ ಹಾಗೆ ಇಟ್ಟು ನೋಡಿದಾಗ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ಕೊಂಬೆಗಳು ಮುದುರಿಕೊಂಡಿದ್ವು, ಭಯ ನೋಡ್ಕೊಳ್ಳೋ ಅಮಿಗ್ಡಲಾದಲ್ಲಿ ಉಲ್ಟಾ ಇನ್ನೂ ಚಿಗುರಿದ್ವು. ಅದೇ ತಂಡದ 2004ರ ಅಧ್ಯಯನದಲ್ಲಿ, ಸ್ಟ್ರೆಸ್ ಆದ್ಮೇಲೆ 21 ದಿನ ನೆಮ್ಮದಿಯಾಗಿ ಬಿಟ್ರೂ ಅಮಿಗ್ಡಲಾದ ಚಿಗುರು ಇಳೀಲಿಲ್ಲ. ಒಂದೇ ಸ್ಟ್ರೆಸ್, ಒಂದ್ಕಡೆ ಬಾಡುತ್ತೆ ಇನ್ನೊಂದ್ಕಡೆ ಬೆಳೆಯುತ್ತೆ, ಇದನ್ನ ಒಂದಿನದ ನಾಲ್ಕು ಹನಿ ಜೊಲ್ಲಲ್ಲಿ ಹೆಂಗ್ರೀ ನೋಡ್ತೀರ? ವಾರಗಟ್ಟಲೆ ಮನಸ್ಸು ಸರಿ ಇಲ್ಲ ಅಂದ್ರೆ ಡಾಕ್ಟರ್ ಮುಂದೆ ಅರ್ಧ ಗಂಟೆ ಕೂತು ಮಾತಾಡಿ, ಇದಕ್ಕಿಂತ ಜಾಸ್ತಿ ಗೊತ್ತಾಗುತ್ತೆ.

ಎದ್ದ ಟೈಮ್ ಯಾಕೆ ಕೇಳಲ್ಲ ಅಂತ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದ್ದಕ್ಕೆ ಉತ್ತರವಾಗಿ ಮಾತ್ರೆಗೆ ಡಿಸ್ಕೌಂಟ್ ಕೋಡ್ ಬಂತು.

5ಕ್ಕೆ 2 ಸ್ಟಾರ್, ಆ ಎರಡು ಸ್ಟಾರೂ ಟ್ಯೂಬಿಗೇ. ಮುಚ್ಚಳ ಗಟ್ಟಿ, ಒಂದು ಹನಿ ಸೋರಲ್ಲ, ನಮ್ಮ ಲ್ಯಾಬಿನ ಟ್ಯೂಬ್‌ಗಿಂತ ಎಷ್ಟೋ ವಾಸಿ.